ಸಹಿಯ ಬಾಲ

ಮಾರ್ಚ್ ೩, ಸೋಮವಾರ

ಇವತ್ತೂ ಪುಟ ತಿರುವುವ ಕೆಲಸ. ಏಳು ಗ್ರಂಥಾಲಯಗಳ ಒಕ್ಕೂಟ ನಮ್ಮದು. ಒಂದೇ ಪುಸ್ತಕ ಎರಡು ಕಡೆ ಇದ್ದರೆ, ಚೆನ್ನಾಗಿರುವ ಪ್ರತಿ ಎಲ್ಲರ ಪರವಾಗಿ ತಂಪು ಗೋದಾಮಿಗೆ, ಇನ್ನೊಂದು ರದ್ದಿಗೆ. ಈ ಸಲದ ಸರದಿ ನದಿ ಸರ್ವೆ ವರದಿಗಳದ್ದು. ಮೂವತ್ತೆಂಟು ಸಂಪುಟ. ಸೆಟ್ಟು ಇರುವುದು ಎರಡೇ ಕಡೆ— ನಾನು ನೋಡಿಕೊಳ್ಳುವ ಗ್ರಂಥಾಲಯದಲ್ಲಿ, ಮತ್ತು ಊರಿನ ಆ ಬದಿಯ ಕಾಲೇಜಿನಲ್ಲಿ. ಅಲ್ಲಿ ಲೈಬ್ರರಿಯನ್ ಯಾರು? ನನ್ನ ಅಕ್ಕ. ಬೇರೆ ಯಾರಿರುತ್ತಾರೆ!

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಕಿಚ್ಚು ಮಾತ್ರ ನನ್ನೊಬ್ಬಳ ಪಾಲಿಗೆ.

ಅವಳ ಫ್ರಾಕು ಗಿಡ್ಡವಾದ ಮೇಲೆ ನನಗೆ. ಅವಳ ಪಠ್ಯಪುಸ್ತಕ ನನಗೆ. ಅವಳ ಮೇಷ್ಟ್ರುಗಳೂ ನನಗೆ— "ಓ, ನೀನು ಅವಳ ತಂಗಿಯಾ?" ಎರಡನೇ ಪ್ರತಿಯಾಗಿಯೇ ಬಾಳಿದ್ದಾಯಿತು. ಈ ಸಲ ಉಳಿಯುವುದು ನನ್ನದೇ.

ಮಾರ್ಚ್ ೪

ಅಮ್ಮನ ಫೋನ್.

"ಏನೇ, ನಿಮ್ಮಿಬ್ರದೂ ಒಂದೇ ಪುಸ್ತಕವಂತೆ? ಅಕ್ಕಂದೇ ಇಟ್ಕೊಳ್ಲಿ ಬಿಡು. ಅವಳು ಜೋಪಾನವಾಗಿ ನೋಡ್ಕೋತಾಳೆ."

"ನಾನೇನು ಬೀದಿಗೆ ಬಿಟ್ಟಿದೀನಾ?"

"ಸಿಟ್ಟು ಯಾಕೆ? ಮಾತಿಗೆ ಅಂದೆ."

ಅಮ್ಮ ಬರೀ ಮಾತಿಗೆ ಅಂದದ್ದನ್ನೆಲ್ಲ ಬೈಂಡ್ ಮಾಡಿಸಿದರೆ ಮೂವತ್ತೆಂಟು ಸಂಪುಟ ಸಾಲದು.

ಮಾರ್ಚ್ ೬, ಸಂಜೆ ೫

ಹದಿನೇಳನೆಯ ಸಂಪುಟ. ಪುಟ ೨೧೨ರ ನಂತರ ಮಡಚಿದ ನಕ್ಷೆ ಇರಬೇಕು. ಇಲ್ಲ. ಯಾವನೋ ಪುಣ್ಯಾತ್ಮ ಬ್ಲೇಡಿನಿಂದ ನೀಟಾಗಿ ಕೊಯ್ದಿದ್ದಾನೆ. ಹೊಲಿಗೆಯ ಬಳಿ ಬೆರಳಗಲದ ಅಂಚು ಉಳಿದಿದೆ, ಅಷ್ಟೇ.

ಸಂಪುಟಕ್ಕೊಂದು ಫಾರಂ, ಅದರಲ್ಲಿ ಎರಡು ಚೌಕ— ಪೂರ್ಣ, ಅಪೂರ್ಣ. ಒಬ್ಬರು ಸಹಿ ಹಾಕಿದರೆ ಉಳಿದವರು ಮತ್ತೆ ಪುಟ ತಿರುವುವುದಿಲ್ಲ. ಒಕ್ಕೂಟ ನಡೆಯುವುದೇ ಆ ನಂಬಿಕೆಯ ಮೇಲೆ.

'ಪೂರ್ಣ'ಕ್ಕೆ ಟಿಕ್ ಹಾಕಿದೆ. ಸಹಿಯನ್ನೂ.

ಮಾರ್ಚ್ ೧೯

ಗೆದ್ದೆ! ಅಕ್ಕ ತನ್ನ ಫಾರಂನಲ್ಲಿ ಬರೆದಿದ್ದಳಂತೆ: 'ಸಂಪುಟ ೧೭— ನಕ್ಷೆಯ ಮೂಲೆ ಉಗುರಿನಷ್ಟು ಹರಿದಿದೆ.' ಉಗುರಿನಷ್ಟಕ್ಕೆ ಸೋತಳು. ಸಂಜೆ ಅವಳಿಂದ ಮೆಸೇಜು: "ಪಾರ್ಟಿ ಯಾವಾಗ ಕಣೇ?"

ಹೊಟ್ಟೆ ಉರಿದುಕೊಳ್ಳಲೂ ಬಾರದವಳೆದುರು ಗೆದ್ದು ಏನು ಸುಖ?

ಏಪ್ರಿಲ್ ೭, ಬೆಳಿಗ್ಗೆ ೧೧

ಗೋದಾಮಿನ ಮೇಲ್ವಿಚಾರಕರ ಫೋನ್. ವರ್ಷವಿಡೀ ಆ ತಂಪಿನಲ್ಲೇ ಕೂರುವುದರಿಂದ ನಮಗೆಲ್ಲ ಅವರು ಸ್ವೆಟರ್ ಸಾರ್.

"ಮೇಡಂ, ಪ್ರವಾಹದ ಮೇಲೆ ಸಂಶೋಧನೆ ಮಾಡೋರೊಬ್ರು ಹದಿನೇಳರ ನಕ್ಷೆ ಸ್ಕ್ಯಾನ್ ಕೇಳಿದಾರೆ. ಇಲ್ಲಿ ಕಾಣ್ತಿಲ್ವಲ್ಲ?"

"ಮಡಚಿರುತ್ತೆ ಸಾರ್, ಇನ್ನೊಂದ್ಸಲ ನೋಡಿ."

"ನೋಡ್ತೀನಿ. ನಿಮ್ಮಕ್ಕನ್ನ ಕೇಳೋಣ ಅಂದ್ರೆ, ಅವರ ಸೆಟ್ಟು ನಾಳೆ ರದ್ದಿ ಲಾರಿಗೆ."

ನದಿಯ ಹಳೆಯ ದಡ ತೋರಿಸುವ ನಕ್ಷೆ ಅದೊಂದೇ. ನಾಳೆಯಿಂದ ಅದೂ ಇರುವುದಿಲ್ಲ.

ಸಂಜೆ ೪

ಐದು ಸಲ ಫೋನ್ ಎತ್ತಿ ಇಟ್ಟೆ. ಆರನೆಯ ಸಲ—

"ಅಕ್ಕ, ಹದಿನೇಳನ್ನ ಲಾರಿಗೆ ಹಾಕ್ಬೇಡ. ನನ್ನದ್ರಲ್ಲಿ ನಕ್ಷೆ ಇಲ್ಲ. ಗೊತ್ತಿದ್ದೇ ಸಹಿ ಹಾಕ್ದೆ."

"ಗೊತ್ತು. ನನ್ನ ಮೇಜಿನ ಮೇಲೇ ಇದೆ."

"ಹೇಗೆ ಗೊತ್ತಾಯ್ತು?"

"ಹದಿನೇಳರ ಫಾರಂ ನಕಲು ಬಂತಲ್ಲ, ನಿನ್ನ ಸಹಿ ನೋಡ್ದೆ ಕಣೇ. ಏಳನೇ ಕ್ಲಾಸಲ್ಲಿ ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ನೀನೇ ಹಾಕಿದ್ಯಲ್ಲ, ಆಗ್ಲೂ ಹೀಗೇ ಬಾಲ ಎಳೆದಿದ್ದೆ. ಸುಳ್ಳು ಸಹಿಗೆ ನಿನ್ನ ಬಾಲ ಉದ್ದ."

"ಮತ್ಯಾಕೆ ಸುಮ್ನಿದ್ದೆ?"

"ನೀನೇ ಹೇಳ್ತೀಯ ಅಂತ. ಇನ್ನೂ ಒಂದು ದಿನ ಇತ್ತಲ್ಲ."

ಕ್ಷಮಿಸುವುದರಲ್ಲೂ ಅವಳೇ ಫಸ್ಟ್ ಕ್ಲಾಸ್!

ಏಪ್ರಿಲ್ ೮

ಅವಳ ಹದಿನೇಳು ಗೋದಾಮು ಸೇರಿತು. ನನ್ನ ಮೂವತ್ತೇಳರ ನಡುವೆ ಅವಳ ಕಾಲೇಜಿನ ಚೀಟಿ ಅಂಟಿಸಿಕೊಂಡ ಒಂದು. ಚಿಕ್ಕಂದಿನಲ್ಲಿ ಹಾಸಿಗೆಯ ನಡುಭಾಗ ಹಿಡಿದು ಮಲಗುತ್ತಿದ್ದಳಲ್ಲ, ಹಾಗೆ. ಇದು ಶಾಶ್ವತವಾಗಿ.

ತಿದ್ದುಪಡಿ ಫಾರಂ ನನ್ನ ಮುಂದಿದೆ. ಉಳಿದ ಆರೂ ಗ್ರಂಥಾಲಯಗಳಿಗೆ ನಕಲು ಹೋಗುತ್ತದೆ. 'ತಪ್ಪಿಗೆ ಕಾರಣ' ಎಂಬ ಕಾಲಂ. 'ಗಮನಿಸಲಿಲ್ಲ' ಎಂದು ಬರೆದೆ. ಸಹಿ ಹಾಕಿದೆ. ನೋಡಿದರೆ ಬಾಲ ಕಾಗದದ ಅಂಚು ಮುಟ್ಟಿತ್ತು.

ಹರಿದೆ. ಹೊಸ ಫಾರಂ. ಕಾರಣ: ಅಕ್ಕನ ಮೇಲೆ ಹೊಟ್ಟೆಕಿಚ್ಚು.