ರುಮಾಲಿನ ಶರತ್ತು

ಗೆಳೆಯಾ ದತ್ತೂ,

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕಿನಾಗ ಏಳು ಭಾಷಾ ಅರೆದು ಕುಡದವ ಅಂದ್ರ ನಾನೊಬ್ಬನೇ. ಫಾರ್ಸಿ ಅಂತೂ ಹುಟ್ಟಿದ ಮರುದಿನಾನೇ ಮಾತಾಡೀನಿ. ನಗಬ್ಯಾಡ. ನಿಂಬರ್ಗಾ ಸಾಲ್ಯಾಗ ಏಳನೇತ್ತಾ ಎರಡು ಸಲ ಕುಂತು ಕಲ್ತ ವಿದ್ಯಾ ಇದು.

ಅಫಜಲಪುರದ ದನದ ಸಂತ್ಯಾಗ ನಾವಿಬ್ಬರೂ ಎತ್ತಿನ ದಲಾಲಿ ಮಾಡ್ತಿದ್ದಾಗಿನ ಆ ದಿನ ನೆನಪದೇನು? ಬೆರಳಿನ ಲೆಕ್ಕದಾಗ ದರ ಮಾತಾಡಾಕ ನಾ ತಲಿ ಮ್ಯಾಲಿನ ರುಮಾಲ ಬಿಚ್ಚಿ, ಅದರ ಕೆಳಗ ನಿನ್ನ ಬೆರಳು ಹಿಡದೆ. ವ್ಯಾಪಾರ ಮುಗೀತು. ನೀ ಅದೇ ರುಮಾಲದಿಂದ ಮಾರಿ ಒರಸಿಕೊಂಡಿ.

"ಲೇ, ಅದು ತಲಿಗೆ ಸುತ್ತೋದು."

"ತಲಿಗೆ ಸುತ್ತೋದು ಫೇಟಾ. ರುಮಾಲ ಹುಟ್ಟಿದ್ದೇ ಮಾರಿ ಒರಸಾಕ."

ಗಡಿ ಊರು ಹಿರೋಳ್ಳಿಯವ ನೀನು, ಅರ್ಧ ಮರಾಠಿ. ಶರತ್ತು ಬಿತ್ತು. ಎಷ್ಟಕ್ಕ ಅನ್ನೋದೂ ರುಮಾಲದ ಕೆಳಗೇ ಆತು: ನೀ ನನ್ನ ಐದೂ ಬೆರಳು ಒತ್ತಿದಿ, ನಾ ಕಬೂಲ್ ಅಂದೆ. ಸುತ್ತ ನಿಂತವರಿಗೆ ಏನೂ ಕಾಣಲಿಲ್ಲ. ಯಾರದು ಖರೆ ಅಂತ ತೀರ್ಮಾನ ಆಗೋದರೊಳಗ ನೀ ಹೋಗಿಬಿಟ್ಟಿ.

ಹೋದ ತಿಂಗಳು ಜೇವರ್ಗಿ ಬಸ್‌ಸ್ಟ್ಯಾಂಡಿನಾಗ ಒಬ್ಬರು ವಯಸ್ಸಾದ ಉರ್ದು ಮಾಸ್ತರ್ ಸಿಕ್ಕರು. ಕೇಳಿದೆ. "ರೂ ಅಂದ್ರ ಮಾರಿ, ಮಾಲ್ ಅಂದ್ರ ಒರಸೋದು. ಫಾರ್ಸಿ ಶಬ್ದರೀ. ಮರಾಠಿಯವರು ಕಿಸೇದಾಗ ಇಟ್ಟರು, ನೀವು ತಲಿಗೇರಿಸಿದ್ರಿ," ಅಂದ್ರು. ಗೆದ್ದಿ ನೀನು. ನಿನಗ ಹೇಳಬೇಕಂತ ಫೋನ್ ತಗದೆ. ನಿನ್ನ ಹೆಸರಿನ ತನಕ ಹೋಗಿ...

ಹಿರೋಳ್ಳಿಗೆ ಹೋಗಿ ನಿನ್ನ ಹೆಂಡತಿ ಕೈಯಾಗ ಐದು ನೂರು ಇಟ್ಟೆ. "ಶರತ್ತು ಸೋತೆ, ವೈನಿ." ಅವರು ನೋಟು ನೋಡಲೇ ಇಲ್ಲ, ನನ್ನ ನೋಡಿದ್ರು. "ನೀವು ಸೋತೆ ಅಂತೀರೇನ್ರಿ ಭಾವುಜಿ? ಹಂಗಾದ್ರ ಅವರು ಖರೇನೇ ಹೋಗ್ಯಾರ."

ಮುಂದಿಟ್ಟ ಚಹಾ ಹಂಗೇ ಬಿಟ್ಟು ಎದ್ದು ಬಂದೆ.

ಈಗ ಸಂತ್ಯಾಗ ನನ್ನ ಮಾತಿಗೆ ಅಡ್ಡ ಮಾತಾಡವರು ಯಾರದಾರ? ದರ ಮೊಬೈಲಿನಾಗ ಒತ್ತಿ ತೋರಸ್ತಾರ. ಮೊನ್ನೆ ರೂಢಿ ಮ್ಯಾಲೆ ರುಮಾಲದ ಕೆಳಗ ಕೈ ಚಾಚಿದೆ, ಎದುರಿನ ದಲಾಲ ನನ್ನ ಕೈ ಕುಲುಕಿ ಹೋದ.

ಮನ್ಯಾಗ ಅಣ್ಣನ ಮಕ್ಕಳು "ಕಾಕಾ, ಎಷ್ಟು ಸೋತ್ರಿ?" ಅಂತ ಕೇಳಿದ್ರ, "ಬರೇ ಐದು ನೂರು" ಅಂತ ಮೀಸಿ ತಿರುವತೇನಿ. ಸುಳ್ಳು ಅನ್ನಾವ ನೀನೊಬ್ಬನೇ ಇದ್ದಿ. ಯಾರೂ ಹಿಡೀಲಾರದ ಸುಳ್ಳು ಹೇಳಿ ಏನು ಮಜಾ, ದತ್ತೂ? ಎತ್ತಿನ ಸಂತ್ಯಾಗ ಬೆರಳಂದ್ರ ನೂರಲ್ಲ ಅನ್ನೋದು ನನಗೂ ಗೊತ್ತು, ನಿನಗೂ ಗೊತ್ತಿತ್ತು.

ಬೇಸ್ತವಾರ ಮತ್ತ ಹಿರೋಳ್ಳಿಗೆ ಹೋಗ್ತೇನಿ. ಉಳಿದದ್ದು ವೈನಿಗೆ ಕೊಟ್ಟು ಖರೆ ಹೇಳ್ತೇನಿ. ಅದಕ್ಕಿಂತ ಮೊದಲು ನಿನಗ ಹೇಳ್ತೇನಿ: ನಾ ಸೋತದ್ದು ಐದು ಸಾವಿರ.