ಹೆಂಡತಿ ಎಂಬಲ್ಲಿ ರೂಮ್‌ಮೇಟ್ ಎಂದು ಬರೆದವಳು

ಬಹುಭಾಷಾ ವಾಹಿನಿಯ ಕಾರ್ಯಕ್ರಮ ಮುಖ್ಯಸ್ಥರಾದ ಮಾನ್ಯರೇ,

ಈಶಾಳ ಚಿತ್ರವನ್ನು ಬರುವ ಜೂನ್‌ನಲ್ಲಿ ‘ಧೈರ್ಯದ ದನಿ’ ಎಂಬ ತಲೆಬರಹದಡಿ ಮರುಪ್ರಸಾರ ಮಾಡುವುದಾಗಿ ಪ್ರಕಟಿಸಿದ್ದೀರಿ, ಅದೂ ಹಳೆಯ ಕನ್ನಡ ಸಬ್‌ಟೈಟಲ್‌ಗಳೊಂದಿಗೇ. ಅವನ್ನು ಬರೆದವಳು ನಾನು. ಅವುಗಳಲ್ಲಿ ಒಂಬತ್ತು ಸಾಲು ಸುಳ್ಳು. ಇದು ತಮಗೆ ತಿಳಿಯದ್ದೇನಲ್ಲ; ಬರೆಸಿದವರು ತಾವೇ. ಹಾಗಿದ್ದ ಮೇಲೆ ಈ ಜೂನ್‌ನಲ್ಲಿ ಯಾರ ಧೈರ್ಯವನ್ನು ಮೆರೆಸಲು ಹೊರಟಿದ್ದೀರಿ? ತಮ್ಮದನ್ನೋ, ನನ್ನದನ್ನೋ?

ಈಶಾ ಯಾರೆಂದು ಈ ಬಹಿರಂಗ ಪತ್ರದ ಓದುಗರಿಗೆ ಹೇಳಬೇಕು. ಈ ಪರದೇಶದ ಮಿಸಿಸಾಗದಲ್ಲಿ ನಾನು ಇಪ್ಪತ್ತು ವರ್ಷ ನಡೆಸಿದ ಭಾನುವಾರದ ಕನ್ನಡ ತರಗತಿಗೆ ಎಂಟು ವಾರ ಬಂದು ಬಿಟ್ಟುಹೋದ ಹುಡುಗಿ. ಮುಂದೆ ನಟಿಯಾದಳು. ಹನ್ನೊಂದು ವರ್ಷಗಳಲ್ಲಿ ಅವಳಿಗೆ ಸಿಕ್ಕ ಪಾತ್ರಗಳು ಇಷ್ಟೇ: ನಾಲ್ಕು ಸಲ ನರ್ಸು, ಎರಡು ಸಲ ಅಳುವ ವಧು, ಒಮ್ಮೆ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಕಳೆದುಕೊಂಡವಳು. ಇಲ್ಲೇ ಹುಟ್ಟಿದವಳಿಗೆ ‘ಇನ್ನೂ ಸ್ವಲ್ಪ ಇಂಡಿಯನ್ ಆಗಿ ಮಾತಾಡು’ ಎನ್ನುತ್ತಿದ್ದರಂತೆ. ತನಗೆ ಬೇಕಾದ ಪಾತ್ರವನ್ನು ಯಾರೂ ಬರೆಯುವುದಿಲ್ಲವೆಂದು ಖಾತ್ರಿಯಾದ ಮೇಲೆ ತಾನೇ ಬರೆದಳು. ವಾರವೆಲ್ಲ ಮಿಲ್ಟನ್ ಊರಿನ ಗೋದಾಮಿನಲ್ಲಿ ಶಿಫ್ಟು, ಶನಿವಾರ ಭಾನುವಾರ ಶೂಟಿಂಗು. ಎರಡು ಕಿರುಚಿತ್ರಗಳ ನಂತರ ಈ ಚಿತ್ರ ಬಂತು. ಬರೆದವಳೂ ನಿರ್ದೇಶಿಸಿದವಳೂ ಮುಖ್ಯ ಪಾತ್ರ ವಹಿಸಿದವಳೂ ಅವಳೇ. ಜೊತೆಗೆ ನಟಿಸಿದ ನೀನಾ ತೆರೆಯ ಆಚೆಗೂ ಅವಳ ಹೆಂಡತಿ.

ಆ ಚಿತ್ರವನ್ನು ಅವಳು ಮಾಡಿದ್ದು ಒಬ್ಬರಿಗಾಗಿ. ಪಿಕರಿಂಗ್‌ನಲ್ಲಿ ಮಗ ನಿಜಲಿಂಗಪ್ಪನವರ ಮನೆಯಲ್ಲಿರುವ ಅವಳ ಅಜ್ಜಿ ಮಲ್ಲವ್ವನಿಗಾಗಿ. ಅಜ್ಜಿಗೆ ಕಿವಿ ಕೇಳಿಸದು, ಇಂಗ್ಲಿಷ್ ಬಾರದು. ಕನ್ನಡ ಅಕ್ಷರ ಮಾತ್ರ ಸರಾಗ. ಅವರಿಗೆ ಏನು ಹೇಳಬೇಕಾದರೂ ಬೀದಿಗೆ ಕೇಳುವಂತೆ ಕೂಗಬೇಕು. ಜೀವನದ ಅತಿ ನಾಜೂಕಿನ ಮಾತನ್ನು ಕೂಗಿ ಹೇಳುವುದು ಹೇಗೆ? ಅದಕ್ಕೇ ಈಶಾ ಅದನ್ನು ತೆರೆಯ ಮೇಲೆ ಹೇಳಲು ಹೊರಟಳು. ಅಡುಗೆಮನೆಯ ದೃಶ್ಯದಲ್ಲಿ ಅವಳ ಪಾತ್ರ ನೀನಾಳ ಕೈ ಹಿಡಿದು, ಇವಳು ನನ್ನ ಹೆಂಡತಿ, ಜೂನ್‌ನಲ್ಲಿ ಮದುವೆಯಾದೆವು ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ಕೆಳಗೆ ಕನ್ನಡದಲ್ಲಿ ಅದು ಮೂಡಬೇಕಿತ್ತು.

ಆ ಸಾಲುಗಳನ್ನು ನಾನು ಬರೆಯುತ್ತಿದ್ದಾಗ ತಮ್ಮ ಫೋನ್ ಬಂತು. ‘ಮೇಡಂ, ಇದು ಫ್ಯಾಮಿಲಿ ನೋಡೋ ಸ್ಲಾಟು. ಒಂದಿಷ್ಟು ಸಾಫ್ಟ್ ಮಾಡಿಬಿಡಿ. ಇಂಗ್ಲಿಷಲ್ಲಿ ಹೇಗೂ ಇದ್ದೇ ಇರುತ್ತಲ್ಲ, ಕನ್ನಡ ಓದೋವ್ರಿಗೆ ಯಾಕೆ ಇದೆಲ್ಲ?’

ಎಂಥ ಕಾಳಜಿ! ಸತ್ಯವನ್ನು ಇಂಗ್ಲಿಷ್ ಬಲ್ಲವರಿಗೆ ಮೀಸಲಿಟ್ಟು, ಕನ್ನಡಿಗರನ್ನು ಅದರಿಂದ ಕಾಪಾಡಿದಿರಿ. ಆದರೆ ತಮ್ಮ ಒತ್ತಡ ಎರಡು ನಿಮಿಷದ್ದು, ಉಳಿದದ್ದೆಲ್ಲ ನನ್ನದು. ‘ನೋಡ್ತೀನಿ ಸಾರ್’ ಎಂದೆ. ತರಗತಿಯ ಮಕ್ಕಳ ತಾಯಂದಿರು ಏನೆಂದುಕೊಂಡಾರು ಎಂಬ ಭಯವಿತ್ತು. ತೆರೆಯ ಮೇಲೆ ನನ್ನ ಹೆಸರು ಬರುವ ಆಸೆಯೂ ಇತ್ತು. ನಿಜ ಹೇಳಿಬಿಡುತ್ತೇನೆ: ‘ಹೆಂಡತಿ’ ಎಂದು ಟೈಪು ಮಾಡಿದಾಗ ನನಗೇ ಮುಜುಗರವಾಗಿತ್ತು. ಅಳಿಸಿ ಬರೆದೆ: ‘ಇವಳು ನನ್ನ ರೂಮ್‌ಮೇಟ್. ಜೂನ್‌ನಿಂದ ಒಂದೇ ಮನೆಯಲ್ಲಿದ್ದೇವೆ.’ ಹೀಗೆ ಒಂಬತ್ತು ಕಡೆ. ‘ಆಂಟಿ, ನಂಗ ಓದಾಕ ಬರಂಗಿಲ್ಲ, ಯು ನೋ ದಟ್. ನೀವು ಓಕೆ ಅಂದ್ರ ಓಕೆ’ ಎಂದಳು ಈಶಾ. ನಾನು ಓಕೆ ಎಂದೆ.

ಪ್ರಸಾರವಾದ ಮರುದಿನ ಫೋನಿನಲ್ಲಿ ಅವಳು ಅಳುತ್ತಿದ್ದಳು, ಸಂತೋಷಕ್ಕೆ. ‘ಅಜ್ಜಿ ಪೂರ್ತಿ ನೋಡಿದಳು ಆಂಟಿ. ನೀನಾನ ಗಲ್ಲ ಸವರಿದಳು. ಶಿ ವಾಸ್ ಸೋ ಕಾಮ್, ಒಂಚೂರೂ ಸಿಟ್ಟಿಲ್ಲ!’ ನಾನು ‘ಒಳ್ಳೇದಾಯ್ತು ಮಗು’ ಎಂದೆ. ಒಂಬತ್ತು ಸುಳ್ಳಿಗೆ ಇನ್ನೊಂದು ಸೇರಿತು. ಆ ವಾರವೇ ಸಮುದಾಯದ ಪತ್ರಿಕೆಯೊಂದರಲ್ಲಿ ‘ಇಬ್ಬರು ಗೆಳತಿಯರು ಬಾಡಿಗೆ ಮನೆ ಹುಡುಕುವ ಹೃದಯಸ್ಪರ್ಶಿ ಕಥೆ’ ಎಂಬ ವಿಮರ್ಶೆ ಬಂತು. ಹನ್ನೊಂದು ವರ್ಷದ ದುಡಿಮೆಗೆ ನಾನು ಕೊಡಿಸಿದ ಪ್ರಶಸ್ತಿ ಅದು.

ಮೂರು ವಾರದ ನಂತರ ಊಟಕ್ಕೆ ಕೂತಾಗ ಅಜ್ಜಿ ನೀನಾಳ ಕಡೆ ಕೈ ತೋರಿಸಿ ಈಶಾಳಿಗೆ ಹೇಳಿದರಂತೆ: ‘ಎಷ್ಟ್ ದಿನ ಹಿಂಗ ಇಬ್ಬರೂ ಒಂದ ಮನ್ಯಾಗ ಇರ್ತೀರಿ? ಚಲೋ ಹುಡುಗಿ ಐತಿ. ಈಕಿಗೂ ಒಂದು ಗಂಡು ನೋಡೋಣ.’

ಅಂದೇ ಮಧ್ಯಾಹ್ನ ಈಶಾ ಲ್ಯಾಪ್‌ಟಾಪ್ ಹಿಡಿದು ನನ್ನ ಮನೆಗೆ ಬಂದಳು. ಅಡುಗೆಮನೆಯ ದೃಶ್ಯಕ್ಕೆ ತಂದು ನಿಲ್ಲಿಸಿದಳು. ‘ರೀಡ್ ಇಟ್, ಆಂಟಿ. ಜೋರಾಗಿ.’

ಓದಿದೆ. ಆಗಲೂ ಬೇರೇನೋ ಓದಿಬಿಡಬಹುದಿತ್ತು ಎಂಬ ಯೋಚನೆ ಸುಳಿದುಹೋಯಿತು, ಮಾನ್ಯರೇ. ನಾನು ಎಲ್ಲಿಗೆ ಇಳಿದಿದ್ದೆನೆಂದು ತಾವೇ ಅಂದಾಜು ಮಾಡಿ.

‘ಇದನ್ನ ಯಾರ ಸಲುವಾಗಿ ಮಾಡಿದ್ರಿ?’ ಎಂದಳು. ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದಳು.

ಮರುವಾರ ಒಂಬತ್ತು ಸಾಲುಗಳನ್ನೂ ಸರಿಯಾಗಿ ಕೈಯಲ್ಲಿ ಬರೆದುಕೊಂಡು, ಎರಡು ರೈಲು ಬದಲಿಸಿ ಪಿಕರಿಂಗ್‌ಗೆ ಹೋದೆ. ಹೋಗಲೇ ಎಂದು ಈಶಾಳಿಗೆ ಮೊದಲು ಮೆಸೇಜು ಹಾಕಿದ್ದೆ. ‘ಗೋ’ ಎಂಬ ಒಂದೇ ಪದ ಬಂದಿತ್ತು. ಮಲ್ಲವ್ವ ಚಾಳೀಸು ಏರಿಸಿ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಮುಗಿಸಿ ಮತ್ತೊಮ್ಮೆ ಮೊದಲಿನಿಂದ ಓದಿದರು. ಆಮೇಲೆ ನನ್ನನ್ನು ನೋಡಿದರು.

‘ನಾ ಸಿಟ್ಟಾಗತಿದ್ದೆನೋ, ಅಳತಿದ್ದೆನೋ, ಕಡೀಕ ಒಪ್ಪತಿದ್ದೆನೋ, ಅದು ನನ್ನ ಪಾಲಿಂದ್ರಿ ಅಕ್ಕೋರ. ಸಾಲಿ ಕಲಸೋರು ನೀವು. ನನ್ನ ಸಿಟ್ಟನ್ನೂ ಕಸಗೊಂಡ್ರಲ್ಲ!’

ಹದಿನೈದು ದಿನ ಅವರು ಮೊಮ್ಮಗಳೊಂದಿಗೆ ಮಾತಾಡಲಿಲ್ಲ. ಈಶಾ ಮಾತ್ರ ಪ್ರತಿ ಭಾನುವಾರ ಹೋಗಿ ಎದುರಿಗೆ ಕೂತು ಬರುತ್ತಿದ್ದಳು. ಮೂರನೆಯ ಭಾನುವಾರ ಅಜ್ಜಿ ಒಂದು ಹಾಳೆಯ ತುಂಬ ಬೈಗುಳ ಬರೆದು ಮುಂದಿಟ್ಟು, ‘ಓದು’ ಎಂದರಂತೆ. ಓದಲು ಬಾರದೆಂದು ಕೈಯಾಡಿಸಿದಾಗ, ‘ಹಂಗಾರ ಬೈಸ್ಕೊಳ್ಳಾಕರ ಅಕ್ಷರ ಕಲಿ’ ಎಂದು ಪಕ್ಕದಲ್ಲಿ ಕೂರಿಸಿಕೊಂಡರಂತೆ. ಇದನ್ನು ನನಗೆ ಹೇಳಿದವರು ನಿಜಲಿಂಗಪ್ಪನವರು. ನೀನಾ ಈಗಲೂ ಆ ಮನೆಗೆ ಹೋಗುತ್ತಾಳೆ. ಅಜ್ಜಿ ಬಡಿಸುತ್ತಾರೆ, ಗಲ್ಲ ಸವರುವುದಿಲ್ಲ. ಈಶಾ ನನ್ನ ಫೋನ್ ಎತ್ತುವುದಿಲ್ಲ.

ತಿದ್ದಿದ ಸಬ್‌ಟೈಟಲ್‌ಗಳನ್ನು ತಮಗೆ ಮೂರು ಸಲ ಕಳಿಸಿದ್ದೇನೆ. ಮೂರನ್ನೂ ತಾವು ಮೌನಕ್ಕೆ ಅನುವಾದಿಸಿದಿರಿ, ಉತ್ತರ ಬಂದಿಲ್ಲ. ಆದ್ದರಿಂದ ಈಗ ಎಲ್ಲರೆದುರು ಕೇಳುತ್ತಿದ್ದೇನೆ. ಹಳೆಯ ಪ್ರತಿಯನ್ನು ಪ್ರಸಾರ ಮಾಡಕೂಡದು. ಮೊದಲ ಪ್ರಸಾರದಲ್ಲಿ ತಪ್ಪು ಅನುವಾದವಿತ್ತು ಎಂದು ವಾಹಿನಿ ತೆರೆಯ ಮೇಲೆ ಒಪ್ಪಿಕೊಳ್ಳಬೇಕು. ಅಲ್ಲಿ ನನ್ನ ಹೆಸರನ್ನೂ ಹಾಕಿ. ಎಲ್ಲಕ್ಕೂ ಮೊದಲು ಈಶಾಳನ್ನು ಕೇಳಿ. ಅವಳು ಬೇಡವೆಂದರೆ ಆ ಸ್ಲಾಟಿನಲ್ಲಿ ಅಡುಗೆ ಕಾರ್ಯಕ್ರಮ ಹಾಕಿಕೊಳ್ಳಿ. ಅವಳ ಚಿತ್ರ ಯಾರಿಗೆ, ಯಾವ ಮಾತಿನಲ್ಲಿ ತಲುಪಬೇಕೆಂದು ತಾವೂ ನಾನೂ ಒಮ್ಮೆ ತೀರ್ಮಾನಿಸಿದ್ದು ಸಾಕು.

ಇಂತಿ,
ಮಕ್ಕಳ ಕಾಗುಣಿತ ತಿದ್ದುತ್ತಲೇ ಮುದುಕಿಯಾದ, ತನ್ನದನ್ನು ತಿದ್ದಿಕೊಳ್ಳಲು ತಡಮಾಡಿದ
ರಾಜಲಕ್ಷ್ಮಿ
ಮಿಸಿಸಾಗ