ಅಪ್ಪ ಮಡಿಸಿಟ್ಟ ಹಾಸಿಗೆ

ಅಮ್ಮಾ,

ನೀನು ಅಜ್ಜಿಯಾಗುತ್ತಿದ್ದೀಯಾ! ಖುಷಿಯಲ್ಲಿ ಇವರು ಚಹಾಕ್ಕೆ ಉಪ್ಪು ಹಾಕಿದರು, ನಾನೂ ಕುಡಿದುಬಿಟ್ಟೆ. ಅಪ್ಪನಿಗೆ ಹೇಳೋಣವೆಂದು ಫೋನೆತ್ತಿದ ಮೇಲೆ ಅವರಿಲ್ಲವೆಂದು ನೆನಪಾಯಿತು.

ಸೈನ್ಯ ಬಿಟ್ಟು ಅಂಚೆ ಕಚೇರಿ ಸೇರಿದರೂ ಅಪ್ಪ ಹಾಸಿಗೆಯನ್ನು ಬ್ಯಾರಕ್ಕಿನಲ್ಲಿದ್ದಂತೆಯೇ ಮಡಿಸುತ್ತಿದ್ದರು. "ಮೂಲೆ ಸೊಟ್ಟಗಿದ್ರೆ ತಿಂಡಿ ಇಲ್ಲ ಕಣಮ್ಮಾ!" ಎಂದು ನನ್ನನ್ನೂ ಕಾಡುತ್ತಿದ್ದರು. ಕೊನೆಯ ಬೆಳಿಗ್ಗೆ ಅವರು ಮಡಿಸಿಟ್ಟಿದ್ದನ್ನು ನೀನಿನ್ನೂ ಬಿಚ್ಚಿಲ್ಲವಂತೆ, ಬೆನ್ನುನೋವಿದ್ದರೂ ಬರೀ ಚಾಪೆಯಲ್ಲಿ ಮಲಗುತ್ತೀಯಂತೆ. ಅಣ್ಣ ಹೇಳಿದ.

ಅವನ ಬಲವಂತಕ್ಕೆ ಒಬ್ಬಳೇ ಬಿಚ್ಚಬೇಡ. ನಾನು ಬಂದ ಮೇಲೆ ಇಬ್ಬರೂ ಸೇರಿ ಬಿಚ್ಚೋಣ, ಅದರ ಮೇಲೇ ಮಲಗೋಣ. ಬೆಳಿಗ್ಗೆ ಮಡಿಸುವುದು ನನ್ನ ಕೆಲಸ. ಮೂಲೆ ಸೊಟ್ಟಗಾದರೆ ಅಪ್ಪನ ಪಾಲಿನ ಬೈಗುಳವನ್ನು ನೀನೇ ಬೈಯಬೇಕು.

ಶುಕ್ರವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತೇನೆ.

ನಿನ್ನ ಪುಟ್ಟಿ